ಕಡವಿನ ಪುಟಕ್ಕೆ ಬಿದ್ದ ಮೂರನೆಯ ಧ್ವನಿ

ಐತಪ್ಪಣ್ಣ ದೋಣಿ ನಡೆಸುತ್ತಿದ್ದ ಕಡವಿನ ಪುಟವನ್ನು ವಿಕಿಯಿಂದ ಅಳಿಸಲು ಮೂರು ಜನರ ಒಪ್ಪಿಗೆ ಬೇಕಿತ್ತು. ಆ ಮೂವರಲ್ಲಿ ಇಬ್ಬರು ನಾನೇ.

ಮೊದಲನೆಯದನ್ನು ನನ್ನ ಸ್ವಂತ ಹೆಸರಿನಲ್ಲಿ ಬರೆದೆ. ಮೂರನೆಯದನ್ನು 'ಹೊಳೆಬದಿ' ಎಂಬ ಹೆಸರಿನಲ್ಲಿ ಬರೆದೆ. "ಆಧಾರವಿಲ್ಲ. ತೆಗೆಯಬಹುದು." ಎರಡೇ ವಾಕ್ಯ. ಹೊಳೆಬದಿ ಎಂದರೆ ಗಲ್ಫಿನಲ್ಲಿರುವ ನಮ್ಮೂರಿನವರು ಯಾರೋ ಇರಬೇಕು ಎಂದು ಬಳಗದವರೆಲ್ಲ ಇವತ್ತಿನವರೆಗೂ ನಂಬಿದ್ದೀರಿ. ಒಮ್ಮೆ ಯಾರೋ ಕೇಳಿದಾಗ "ಇರಬಹುದು" ಎಂದು ತಲೆಯಾಡಿಸಿದವನೂ ನಾನೇ. ಅಂಥ ಮನುಷ್ಯನೇ ಇಲ್ಲ. ಇದನ್ನು ಇಲ್ಲಿಯೇ, ಆ ಪುಟದ ಚರ್ಚೆಯ ಜಾಗದಲ್ಲಿಯೇ ಬರೆಯುತ್ತಿದ್ದೇನೆ. ಯಾಕೆ ಇಲ್ಲಿ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಮೊದಲಿನಿಂದ ಹೇಳಬೇಕು. ನಮ್ಮದು ಊರುಗಳ ವಿಕಿ — ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಏಳೆಂಟು ಜನ ಯಾರೂ ಹೇಳದೆ, ಯಾರೂ ದುಡ್ಡು ಕೊಡದೆ, ನಮ್ಮಷ್ಟಕ್ಕೆ ಕಟ್ಟಿಕೊಂಡದ್ದು. ತಿಂಗಳಿಗೊಮ್ಮೆ ಭಾನುವಾರ ಮಡಂತ್ಯಾರಿನ ಒಂದು ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತಿದ್ದೆವು. ಎಲ್ಲರಿಗೂ ಸಮನಾಗಿ ಅನನುಕೂಲವಾದ ಊರು ಅದೊಂದೇ ಎಂಬುದು ಕಾರಣ. ನಾನು ಮೂಡುಬಿದಿರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ, ಕೈಚೀಲದಲ್ಲಿ ಕ್ರಮ ಪುಸ್ತಕ ಇಟ್ಟುಕೊಂಡು.

ಕ್ರಮ ಪುಸ್ತಕ ಎಂದರೆ ನಮ್ಮ ವಿಕಿಯಲ್ಲಿ ಹೇಗೆ ಬರೆಯಬೇಕು, ಹೇಗೆ ನೋಡಿಕೊಳ್ಳಬೇಕು ಎಂಬ ನಿಯಮಗಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ನಿವೃತ್ತಿಯ ದಿನ ಶಾಲು ಹೊದೆಸಿ ಕಳಿಸಿದರೇ ಹೊರತು ಕೈಯಿಂದ ಕೆಂಪು ಪೆನ್ನು ಕಿತ್ತುಕೊಳ್ಳಲಿಲ್ಲ. ಒಂದೊಂದು ನಿಯಮಕ್ಕೂ ಚರ್ಚೆಯಾಗುತ್ತಿತ್ತು. ಊರಿನ ಪುಟದಲ್ಲಿ ದೇವಸ್ಥಾನ ಮೊದಲು ಬರಬೇಕೋ ಶಾಲೆ ಮೊದಲೋ ಎಂಬುದರಲ್ಲೇ ಒಂದು ಬೆಳಿಗ್ಗೆ ಕಳೆದು ಹೋಗಿತ್ತು. ಬೆಳ್ತಂಗಡಿಯ ಸತೀಶ — ಕಂಪ್ಯೂಟರಿನ ಕೆಲಸವೆಲ್ಲ ನೋಡಿಕೊಳ್ಳುವವನು — ಅವತ್ತು ಕೈಮುಗಿದು ಹೇಳಿದ್ದ: "ಮಾಷ್ಟ್ರೇ, ಎರಡು ಗಂಟೆ ಆಯ್ತು ಮಾರಾಯ್ರೇ. ಶಾಲೆ ಓಡಿಹೋಗುದಿಲ್ಲ, ದೇವರೂ ಓಡಿಹೋಗುದಿಲ್ಲ. ಇನ್ನೊಂದು ಗೋಳಿಬಜೆ ಹೇಳುವ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಶಾಲೆ ಮೊದಲು ಎಂದು ಬರೆದುಕೊಂಡ ಮೇಲೆಯೇ ನಕ್ಕದ್ದು.

ಹೀಗೆ ಆದ ನಿಯಮಗಳಲ್ಲಿ ಒಂದು: ಪುಟದಲ್ಲಿ ಹೇಳಿದ ವಿಷಯಕ್ಕೆ ಅಚ್ಚಾದ ಆಧಾರ ಬೇಕು. ಇನ್ನೊಂದು: ಆಧಾರವಿಲ್ಲದ ಪುಟ ಬೇಡವೆಂದು ಯಾರಾದರೂ ಬರೆದರೆ ಏಳು ದಿನ ಕಾಯಬೇಕು, ಅಷ್ಟರಲ್ಲಿ ಮೂರು ಜನ ಬೇಡ ಎಂದರೆ ಪುಟ ಹೋಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ. ಒಬ್ಬನ ಸಿಟ್ಟಿಗೆ ಯಾರ ಬರಹವೂ ಬಲಿಯಾಗಬಾರದು ಎಂದು ಮೂರು ಜನ ಎಂಬುದನ್ನು ಹಟ ಮಾಡಿ ಸೇರಿಸಿದವನು ನಾನು.

ವನಜ ನಮ್ಮಲ್ಲಿಗೆ ಬಂದದ್ದು ಮೆಲ್ಕಾರಿನಲ್ಲಿ ಬಳಗದ ಪರವಾಗಿ ನಾನೊಬ್ಬನೇ ಹೋಗಿ ಮಾಡಿದ ಒಂದು ತರಬೇತಿಯಿಂದ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಮೆಲ್ಕಾರಿನಲ್ಲೇ ಒಂದು ಸಣ್ಣ ಕೋಣೆಯಲ್ಲಿ ಟೈಲರಿಂಗ್ ಮಾಡುತ್ತಾಳೆ, ಹೆಚ್ಚಾಗಿ ರವಿಕೆ ಹೊಲಿಯುವ ಕೆಲಸ. ತರಬೇತಿಯ ದಿನ ಮುಂದಿನ ಬೆಂಚಿನಲ್ಲಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿರುವಂತೆ ಕೂತಿದ್ದಳು. ಹೊಸಬರು ಹೆಸರು ನೋಂದಾಯಿಸುವುದು ಹೇಗೆ ಎಂದು ತೋರಿಸಲು ನಾನು ಪರದೆಯ ಮೇಲೆ ಒಂದು ಖಾತೆ ತೆರೆದೆ. "ಏನು ಹೆಸರು ಇಡುವ?" ಎಂದು ಕೇಳಿದೆ. ಮುಂದಿನಿಂದ ಯಾರೋ ಒಂದು ಹೆಸರು ಹೇಳಿದರು, ಹೊಡೆದೆ. ಆ ಖಾತೆ ಹಾಗೆಯೇ ಉಳಿಯಿತು. ಅದೇ ಹೊಳೆಬದಿ.

ಅವತ್ತು ಎಲ್ಲ ಮುಗಿದ ಮೇಲೆ ವನಜ ಹತ್ತಿರ ಬಂದು ಕೇಳಿದಳು: "ಪುಸ್ತಕದಲ್ಲಿ ಬರೆದ್ರೆ ಗೆದ್ದಲು ಹಿಡೀತದೆ ಮಾಷ್ಟ್ರೇ. ಇದ್ರಲ್ಲಿ ಹಾಕಿದ್ದು ಎಲ್ಲಿಗೂ ಹೋಗುದಿಲ್ಲ ಅಲ್ವಾ?"

"ಎಲ್ಲಿಗೂ ಹೋಗುದಿಲ್ಲ" ಎಂದೆ.

ಅವಳ ಅಪ್ಪ ಐತಪ್ಪಣ್ಣ ನಾನು ಹುಟ್ಟಿ ಬೆಳೆದ ಊರಿನ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಸೇತುವೆ ಆಗುವ ಮೊದಲು ನೇತ್ರಾವತಿ ದಾಟಬೇಕಾದರೆ ಕಡವಿಗೆ ಹೋಗಿ ಕೂಗಿ ದೋಣಿ ತರಿಸಬೇಕಿತ್ತು. ಈಗ ಅವರಿಗೆ ಎಂಬತ್ತು ದಾಟಿ ಮರೆವು ಹಿಡಿದಿತ್ತು. ಮಗಳನ್ನೇ ಕೆಲವು ದಿನ ಯಾರು ಎಂದು ಕೇಳುತ್ತಿದ್ದರಂತೆ. ಆದರೆ ಕೆಲವು ಬೆಳಿಗ್ಗೆ, ಗಂಜಿ ಉಂಡ ಮೇಲೆ, ಒಂದರ್ಧ ಗಂಟೆ ಎಲ್ಲವೂ ನೆನಪಿಗೆ ಬರುತ್ತಿತ್ತು. ವನಜ ಆ ಅರ್ಧ ಗಂಟೆ ಅಂಗಡಿ ತೆರೆಯದೆ ಅಪ್ಪನ ಪಕ್ಕ ಕೂತು, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ನೇರವಾಗಿ ವಿಕಿಗೆ ಬರೆಯುತ್ತಿದ್ದಳು. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಎಲ್ಲಿಗೂ ಹೋಗುವುದಿಲ್ಲ ಎಂದು ಮಾಷ್ಟ್ರು ಹೇಳಿದ್ದರಲ್ಲ.

ಎಂಥ ಪುಟ ಅದು! ದೋಣಿ ಕಟ್ಟುತ್ತಿದ್ದ ಮರ ಯಾವುದು, ಯಾವ ತಿಂಗಳಲ್ಲಿ ಹೊಳೆಯ ಸುಳಿ ಎಲ್ಲಿಗೆ ಸರಿಯುತ್ತಿತ್ತು, ಮದುಮಗಳು ದಾಟುವಾಗ ದೋಣಿಯಲ್ಲಿ ಯಾವ ಕಡೆಗೆ ಮುಖಮಾಡಿ ಕೂರಬೇಕಿತ್ತು — ಎಲ್ಲ ಇತ್ತು. 'ಕರೆಗಳು' ಎಂಬ ಒಂದು ಭಾಗ ಇತ್ತು. ಆ ದಡದಿಂದ ಎಲ್ಲರೂ ಕೂಗುವುದು "ಓಡ ಕನಲೇ", ದೋಣಿ ತನ್ನಿ, ಎಂದೇ. ಆದರೆ ಸೂಲಗಿತ್ತಿಯನ್ನು ಕರೆದುಕೊಂಡು ಹೋಗಲು ಬಂದವರು ಎಳೆಯುವ ರಾಗ ಬೇರೆ, ಸಾವಿನ ಸುದ್ದಿ ತಂದವರು ಬಿಡುವ ರಾಗ ಬೇರೆ, ಪೇಟೆಗೆ ಹೊರಟವರದ್ದು ಬೇರೆ. ಹೀಗೆ ಎಂಟು ಬಗೆ ಎಂದು ಬರೆದಿದ್ದಳು. ಎಲ್ಲಿ ಎಳೆಯಬೇಕು, ಎಲ್ಲಿ ತುಂಡು ಮಾಡಬೇಕು ಎಂದು ಒಂದೊಂದಕ್ಕೂ ವಿವರಿಸಿದ್ದಳು. ಕೂಗು ಕೇಳಿಯೇ ಐತಪ್ಪಣ್ಣ ದೋಣಿಯಲ್ಲಿ ಮಲಗಿಸಿ ದಾಟಿಸುವವರಿಗೆ ಹುಲ್ಲು ಹಾಸಬೇಕೋ ಬೇಡವೋ ಎಂದು ತಿಳಿದುಕೊಳ್ಳುತ್ತಿದ್ದರಂತೆ. ನಾನು ಅದನ್ನು ಮೂರು ಸಲ ಓದಿದೆ. ಇವತ್ತು ಅದರಲ್ಲಿ ಮೂರು ಕರೆ ಮಾತ್ರ ನೆನಪಿದೆ — ಅದೂ ಹೆಸರು ಮಾತ್ರ, ರಾಗ ಇಲ್ಲ.

ನಮ್ಮ ನಿಯಮಕ್ಕೆ ಅವಳು ಬಗ್ಗಿದ್ದು ಅಷ್ಟಿಷ್ಟಲ್ಲ. 'ನನ್ನ ಅಪ್ಪ' ಎಂದು ಬರೆಯಬಾರದು, 'ದೋಣಿ ನಡೆಸುತ್ತಿದ್ದವರು' ಎಂದು ಬರೆ ಎಂದೆ. ಮರುದಿನ ನೋಡಿದರೆ ಇಡೀ ಪುಟದಲ್ಲಿ ಒಂದೇ ಒಂದು ಅಪ್ಪ ಉಳಿದಿರಲಿಲ್ಲ.

ಆದರೆ ಪುಟದ ಕೊನೆಯಲ್ಲಿ ನೆರೆಯ ವಿಷಯ ಬಂತು. ನಾನು ಹುಟ್ಟುವ ಮೊದಲಿನ ದೊಡ್ಡ ನೆರೆ. ಹೊಳೆಯ ನಡುವಿನ ಕುದ್ರುವಿನಲ್ಲಿ, ಆ ನಡುಗಡ್ಡೆಯಲ್ಲಿ, ಜನ ಸಿಕ್ಕಿಹಾಕಿಕೊಂಡಿದ್ದರು. ಐತಪ್ಪಣ್ಣ ಒಬ್ಬರೇ ಮೂರು ಸಲ ದೋಣಿ ಕೊಂಡುಹೋಗಿ ಎಲ್ಲರನ್ನೂ ದಾಟಿಸಿದರು ಎಂದು ಅವಳು ಬರೆದಿದ್ದಳು. ನಮ್ಮ ವಿಕಿಯಲ್ಲಿ ನನ್ನ ಅಜ್ಜನ ಬಗ್ಗೆ ಒಂದು ಪುಟ ಇತ್ತು, ನಾನೇ ಬರೆದದ್ದು. ಅದರಲ್ಲಿ ಅದೇ ನೆರೆ, ಅದೇ ಕುದ್ರು, ಅದೇ ಮೂರು ಸಲ. ಆದರೆ ದೋಣಿ ಕೊಂಡುಹೋದವರು ನನ್ನ ಅಜ್ಜ. ಅದಕ್ಕೆ ಅಚ್ಚಾದ ಆಧಾರವೂ ಇತ್ತು: ನಮ್ಮ ಶಾಲೆಯ ಸ್ಮರಣ ಸಂಚಿಕೆಯ ಒಂದು ಲೇಖನ. ಆ ಲೇಖನ ಬರೆದವನೂ ನಾನೇ. ನನ್ನ ಜನ್ಮದಲ್ಲಿ ಅಚ್ಚಾದ ಒಂದೇ ಒಂದು ಲೇಖನ ಅದು.

ಗೊತ್ತಿರಲಿಲ್ಲ ಎಂದು ಹೇಳಲಾರೆ. ದೋಣಿ ಅಜ್ಜನದ್ದು, ಅಷ್ಟು ನಿಜ. ಕುದ್ರುವಿನಲ್ಲಿ ಸಿಕ್ಕಿಕೊಂಡವರಲ್ಲಿ ನನ್ನ ಅಮ್ಮನೂ ಕಂಕುಳ ಕೂಸಾಗಿದ್ದ ನನ್ನ ಅಕ್ಕನೂ ಇದ್ದರು. ಅಜ್ಜ ದಡದಲ್ಲಿ ನಿಂತು ಹರಕೆ ಹೇಳುತ್ತಿದ್ದರು, ನೀರಿಗೆ ಇಳಿದವನು ಐತಪ್ಪ ಎಂದು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಅಷ್ಟಮಿಗೆ ಅಮ್ಮ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆಯನ್ನು ಐತಪ್ಪಣ್ಣನ ಮನೆಗೆ ಕಳಿಸುತ್ತಿದ್ದಳು. ಹೊತ್ತುಕೊಂಡು ಹೋಗುತ್ತಿದ್ದವನು ನಾನು. ಐತಪ್ಪಣ್ಣ ಅಂಗಳದಲ್ಲೇ ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡು, "ಅಕ್ಕ ಹುಷಾರುಂಟಾ?" ಎಂದು ನನ್ನ ಅಕ್ಕನನ್ನು ವಿಚಾರಿಸುತ್ತಿದ್ದರು. ಸ್ಮರಣ ಸಂಚಿಕೆಗೆ ಬರೆಯುವಾಗ ಆ ಮೂಡೆಯ ಬಿಸಿ ನನ್ನ ಅಂಗೈಗೆ ನೆನಪಾಗಲಿಲ್ಲ ಎಂದರೆ ಅದು ಸುಳ್ಳು. ಅಜ್ಜನ ಫೋಟೋದ ಕೆಳಗೆ ಒಂದು ಸಾಹಸ ಬೇಕಿತ್ತು, ಬರೆದೆ. ಗಲ್ಫಿನಲ್ಲಿರುವ ನನ್ನ ಸೋದರ ಸಂಬಂಧಿಗಳು ವಿಕಿಯ ಆ ಪುಟವನ್ನು ಕುಟುಂಬದ ಗುಂಪಿನಲ್ಲಿ ಹಂಚಿಕೊಂಡಿದ್ದರು. ಎಲ್ಲರೂ ಹೊಗಳಿದ್ದರು. ನನಗೆ ಅದು ಬೇಕಾಗಿತ್ತು.

ಹಾಗಾಗಿ ವನಜಳ ಪುಟಕ್ಕೆ 'ಆಧಾರವಿಲ್ಲ' ಎಂದು ಬರೆದೆ. ನೆರೆಯ ಭಾಗಕ್ಕೆ ಮಾತ್ರ ಬರೆಯಬಹುದಿತ್ತು. ಇಡೀ ಪುಟಕ್ಕೇ ಬರೆದೆ — ಒಂದು ಭಾಗವನ್ನು ಮಾತ್ರ ತೆಗೆದರೆ ಯಾಕೆ ಅದೊಂದೇ ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆಯಿಂದ. ಸತೀಶ ಫೋನ್ ಮಾಡಿದ. "ಓದ್ಲಿಕ್ಕೆ ಭಾರೀ ಒಳ್ಳೆದುಂಟು ಮಾಷ್ಟ್ರೇ. ಆದ್ರೆ ನಿಯಮ ನಿಮಗೆ ಗೊತ್ತುಂಟಲ್ಲ, ನೀವು ಹೇಳಿದ್ರೆ ನಾನೂ ಹೌದು ಅಂತೇನೆ." ಅವನದ್ದು ಎರಡನೆಯ ಧ್ವನಿ. ಅವನ ಮೇಲೆ ಯಾರೂ ತಪ್ಪು ಹೊರಿಸಬೇಡಿ. ಉಳಿದವರು ಯಾರೂ ಮಾತನಾಡಲಿಲ್ಲ. ಏಳನೆಯ ದಿನ ಬಂತು. ಸಂಜೆಯವರೆಗೆ ಮೂರನೆಯವರು ಬಾರದಿದ್ದರೆ ಪುಟ ಉಳಿಯುತ್ತಿತ್ತು. ಮಧ್ಯಾಹ್ನ ಊಟ ಮಾಡಿ, ಕೈತೊಳೆದು, ವರಾಂಡದ ಕುರ್ಚಿಯಲ್ಲಿ ಕೂತು ನಾನು ತರಬೇತಿಯ ಆ ಹಳೆಯ ಖಾತೆಯನ್ನು ತೆರೆದೆ. ಆ ಎರಡು ವಾಕ್ಯ ಹೊಡೆದೆ. ಇದನ್ನೂ ಹೇಳಿಬಿಡಬೇಕು — ಅಕ್ಷರ ತಪ್ಪಿದೆಯೋ ಎಂದು ಒಮ್ಮೆ ಓದಿ ನೋಡಿದೆ.

ವನಜ ಜಗಳ ಮಾಡಲಿಲ್ಲ. ಪುಟ ಪುನಃ ಬರಬೇಕಾದರೆ ಏನು ಬೇಕು ಎಂದು ಕೇಳಿದಳು. "ಅಚ್ಚಾದದ್ದು ಏನಾದರೂ ತಾ. ಅಳಿಸಿದ್ದು ಎಲ್ಲಿಗೂ ಹೋಗುದಿಲ್ಲ, ಒಳಗೆ ಇರ್ತದೆ" ಎಂದೆ. ಅವಳು ಅಂಗಡಿಗೆ ಬೀಗ ಹಾಕಿ ಪಂಚಾಯತು, ಗ್ರಂಥಾಲಯ, ಹಳೆಯ ಮನೆಗಳು ಎಂದು ಅಲೆದಳು. ಕೊನೆಗೆ ಮೂಡುಬಿದಿರೆಯ ನಮ್ಮ ಮನೆಗೇ ಬಂದಳು, ಕೈಯಲ್ಲಿ ಒಂದು ಜೆರಾಕ್ಸ್ ಪ್ರತಿ. ಇಡೀ ತಾಲೂಕಿನಲ್ಲಿ ಆ ಕಡವಿನ ಬಗ್ಗೆ ಅಚ್ಚಾಗಿ ಸಿಕ್ಕಿದ್ದು ಒಂದೇ — ನನ್ನ ಲೇಖನ.

"ಇದ್ರಲ್ಲಿ ನೆರೆಯ ಸುದ್ದಿ ಉಂಟು. ಅಪ್ಪನ ಹೆಸರು ಮಾತ್ರ ಇಲ್ಲ" ಎಂದಳು. ಪ್ರತಿಯನ್ನು ನನ್ನ ಕಡೆಗೆ ಚಾಚಿ, "ಬರೆದದ್ದು ನೀವಲ್ವಾ ಮಾಷ್ಟ್ರೇ. ನಿಮಗೆ ಗೊತ್ತಿರಬಹುದಾ ಅಂತ…"

ನನ್ನ ಹೆಂಡತಿ ಚಾ ತಂದಿಟ್ಟಳು. ನಾನು ಆ ಜೆರಾಕ್ಸ್ ಪ್ರತಿಯನ್ನು ಹೊಸದಾಗಿ ನೋಡುವವನಂತೆ ತಿರುಗಿಸಿ ನೋಡಿದೆ.

"ಆಗ ನನಗೆ ಸಿಕ್ಕಿದ ಮಾಹಿತಿ ಅಷ್ಟೇ ವನಜಾ" ಎಂದೆ.

ಅವಳು ಚಾ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಇಷ್ಟಕ್ಕೇ ನಿಂತಿದ್ದರೂ ಪುಟ ಒಳಗೆ ಎಲ್ಲೋ ಉಳಿದಿರುತ್ತಿತ್ತು. ಕೆಲವು ತಿಂಗಳ ನಂತರ ವಿಕಿಯನ್ನು ಬೇರೆ ಸರ್ವರಿಗೆ ಸಾಗಿಸುವ ಕೆಲಸ ಬಂತು. ಮಡಂತ್ಯಾರಿನ ಸಭೆಯಲ್ಲಿ ಸತೀಶ ಕೇಳಿದ: "ಅಳಿಸಿದ ಪುಟಗಳನ್ನೂ ತರುದಾ, ಬಿಡುದಾ? ಅದ್ರಲ್ಲಿ ಬೇಕಾದ್ದು ಏನಾದ್ರೂ ಉಂಟಾ ಮಾಷ್ಟ್ರೇ?" ಅವತ್ತು ವನಜ ಬಂದಿರಲಿಲ್ಲ, ಐತಪ್ಪಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದರು. ಅದು ನನಗೆ ಗೊತ್ತಿತ್ತು. ಒಂದು ಪುಟದ ಹೆಸರು ಹೇಳಿದ್ದರೆ ಸಾಕಿತ್ತು. ಆದರೆ ಆ ಪುಟ ಉಳಿದರೆ ನನ್ನ ಸುಳ್ಳೂ ಅದರ ಪಕ್ಕದಲ್ಲಿ ಉಳಿಯುತ್ತಿತ್ತು…

"ಕಸ ಯಾಕೆ ಹೊತ್ತುಕೊಂಡು ಹೋಗುದು" ಎಂದೆ.

ಎಲ್ಲರೂ ನಕ್ಕರು. ನಿಮಗೆ ನೆನಪಿರಬಹುದು. ನೀವು ನಕ್ಕದ್ದು ನನ್ನ ಮಾತಿನ ವರಸೆಗೆ, ನಾನು ಏನನ್ನು ಕಸ ಎಂದೆ ಎಂದು ನಿಮಗೆ ಗೊತ್ತಿರಲಿಲ್ಲ.

ಐತಪ್ಪಣ್ಣ ಆ ತಿಂಗಳೇ ತೀರಿಕೊಂಡರು. ಮೂರನೆಯ ದಿನ ವನಜ ಫೋನ್ ಮಾಡಿದಳು. ವಿಕಿಗೆ ಬೇಡ, ಪರವಾಗಿಲ್ಲ, ಅಪ್ಪನ ಬೊಜ್ಜದ ದಿನ ಬಂದವರ ಎದುರು ಓದಬೇಕು ಅಂತ ಮನಸ್ಸುಂಟು, ಆ ಪುಟದ ಒಂದು ಪ್ರಿಂಟ್ ತೆಗೆದುಕೊಡಲು ಆಗುತ್ತದಾ — ಎಂದು ಕೇಳಿದಳು. ಉತ್ತರಕ್ರಿಯೆಯ ದಿನ ಓದಲು. ನಾನು ಏನು ಹೇಳಿದೆ ಎಂದರೆ, "ಅದು ಸರ್ವರ್ ಬದಲಿಸುವಾಗ ಹೋಯ್ತು ವನಜಾ. ನನ್ನ ಕೈಯಲ್ಲಿಲ್ಲ. ಮೊದಲೇ ಮೂರು ಜನ ಬೇಡ ಅಂದದ್ದಲ್ವಾ." ಆ ಕಡೆ ಯಾರೋ ಪಾತ್ರೆ ಜೋಡಿಸುವ ಶಬ್ದ ಬರುತ್ತಿತ್ತು. "ಆಯ್ತು ಮಾಷ್ಟ್ರೇ, ನೀವು ಊಟಕ್ಕೆ ಬನ್ನಿ" ಎಂದಳು. ಹೋದೆ. ಎಲೆಯ ಮುಂದೆ ಕೂತು ಉಂಡು ಬಂದೆ. ಯಾರೂ ಏನನ್ನೂ ಓದಲಿಲ್ಲ.

ಅದರ ನಂತರ ವನಜ ಹೊಸದಾಗಿ ಏನೂ ಬರೆಯಲಿಲ್ಲ. ಆದರೆ ವಿಕಿಯನ್ನು ಬಿಡಲಿಲ್ಲ. ಸರ್ವರ್ ಬದಲಾದಾಗ ಎಷ್ಟೋ ಪುಟಗಳ ಚಿತ್ರಗಳು ಕಾಣದೆ ಹೋಗಿದ್ದವು. ಅವನ್ನು ಒಂದೊಂದಾಗಿ ಸರಿಪಡಿಸುವ ಕೆಲಸವನ್ನು ಎಲ್ಲರಿಗೂ ಹಂಚಿದ್ದೆವು. ಯಾರೂ ಸರಿಯಾಗಿ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹೋದ ತಿಂಗಳು ಅಜ್ಜನ ಪುಟ ತೆರೆದೆ. ಫೋಟೋ ಬಂದಿತ್ತು. ಪೇಟ, ಬೆಳ್ಳಿಯ ಹಿಡಿಯ ಬೆತ್ತ, ಎಲ್ಲ ಮೊದಲಿನಂತೆ. ಯಾರು ಹಾಕಿದ್ದು ಎಂದು ಪುಟದ ಇತಿಹಾಸ ನೋಡಿದೆ. ವನಜಳ ಹೆಸರಿತ್ತು. ಪಕ್ಕದಲ್ಲಿ ಅವಳ ಟಿಪ್ಪಣಿ: "ಚಿತ್ರ ಕಾಣುತ್ತಿರಲಿಲ್ಲ. ಸರಿಪಡಿಸಿದ್ದೇನೆ."

ಆ ಫೋಟೋದ ಕೆಳಗಿನ ಸಾಲೇ ನೆರೆಯದ್ದು. ಅದನ್ನು ಓದದೆ ಫೋಟೋ ಹಾಕಲು ಸಾಧ್ಯವಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಜಾಗ ಅದು. ಅವಳು ಆ ಸಾಲನ್ನು ಮುಟ್ಟಿರಲಿಲ್ಲ.

ನಾನು ಮರುದಿನ ಬೆಳಿಗ್ಗೆಯೇ ಮೆಲ್ಕಾರಿಗೆ ಹೋದೆ. ಅವಳು ಒಂದು ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. ಸ್ಟೂಲ್ ಎಳೆದುಕೊಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿದ್ದುಹೋಗಿ, ಬಾಯಿಂದ ಬಂದದ್ದು ಇಷ್ಟೇ: "ವನಜಾ, ಆ ಹೊಳೆಬದಿ ಅಂದ್ರೆ ನಾನೇ."

ಅವಳು ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು.

"ಗೊತ್ತುಂಟು ಮಾಷ್ಟ್ರೇ. ಆ ಹೆಸರು ಹೇಳಿದ್ದು ನಾನೇ ಅಲ್ವಾ, ತರಬೇತಿ ದಿನ. ನೀವು ಏನು ಹೆಸರು ಇಡುವ ಅಂತ ಕೇಳಿದಿರಿ."

ನನಗೆ ನೆನಪಿರಲಿಲ್ಲ. ಮುಂದಿನಿಂದ ಯಾರೋ ಹೇಳಿದರು ಎಂದಷ್ಟೇ ಇತ್ತು ನನ್ನ ತಲೆಯಲ್ಲಿ. ಅಂದರೆ ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಜೆರಾಕ್ಸ್ ಹಿಡಿದು ನಮ್ಮ ಮನೆಗೆ ಬಂದಾಗ ಗೊತ್ತಿತ್ತು. ಪ್ರಿಂಟ್ ಕೇಳಿದಾಗ, ನಾನು 'ಮೂರು ಜನ' ಎಂದಾಗ ಗೊತ್ತಿತ್ತು. ಬೊಜ್ಜದ ದಿನ ನನ್ನ ಎಲೆಗೆ ಎರಡನೆಯ ಸಲ ಪಾಯಸ ಬಡಿಸುವಾಗಲೂ.

"ಯಾಕೆ ಹೇಳ್ಲಿಲ್ಲ ನೀನು?"

"ನೀವೇ ಹೇಳ್ತೀರಿ ಅಂತ ಇದ್ದೆ" ಎಂದಳು. ರವಿಕೆಯನ್ನು ಮಡಚಿದಳು, ಪುನಃ ಬಿಡಿಸಿದಳು, ಪುನಃ ಮಡಚಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ಅಪ್ಪ ಇರುವಾಗ ಹೇಳಿದ್ದಿದ್ರೆ ಆಗ್ತಿತ್ತು ಮಾಷ್ಟ್ರೇ. ಪುನಃ ಕೇಳಿ ಬರೀಬಹುದಿತ್ತು. ಒಂದೆರಡು ಬೆಳಿಗ್ಗೆ ಇನ್ನೂ ನೆನಪು ಬರ್ತಿತ್ತು ಅವರಿಗೆ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಅವಳದ್ದು ಆಗಲೇ ಅತ್ತು ಮುಗಿದಿತ್ತು.

ಏನು ಮಾಡಲಿ ಎಂದು ಕೇಳಿದೆ. "ನನಗೆ ಹೇಳಿ ಎಂಥ ಪ್ರಯೋಜನ? ಎಲ್ಲಿ ಬೇಡ ಅಂತ ಬರೆದ್ರೋ ಅಲ್ಲೇ ಬರೀರಿ. ನಿಮ್ಮ ಹೆಸರು ಹಾಕಿ" ಎಂದಳು. ಅಷ್ಟರಲ್ಲಿ ಯಾರೋ ಅಳತೆ ಕೊಡಲು ಬಂದರು. ನಾನು ಎದ್ದು ಬಂದೆ.

ಅದಕ್ಕೇ ಇಲ್ಲಿ ಬರೆಯುತ್ತಿರುವುದು; ಪುಟ ಹೋದರೂ ಅದರ ಚರ್ಚೆಯ ಜಾಗ ಹೊಸ ಸರ್ವರಿಗೆ ಬಂದಿದೆ. ಅಜ್ಜನ ಪುಟದ ಆ ಸಾಲನ್ನು ತಿದ್ದಿದ್ದೇನೆ. ಕುಟುಂಬದ ಗುಂಪಿಗೂ ತಿಳಿಸಿದ್ದೇನೆ, ಇಬ್ಬರು ಮಾತು ಬಿಟ್ಟಿದ್ದಾರೆ. ಅಳಿಸುವ ಅಧಿಕಾರವನ್ನು ನನ್ನ ಖಾತೆಯಿಂದ ತೆಗೆಯಲು ಸತೀಶನಿಗೆ ಹೇಳಿದ್ದೇನೆ. ಹೊಳೆಬದಿ ಖಾತೆಯನ್ನೂ ಮುಚ್ಚಲು ಹೇಳಿದೆ. ಆಮೇಲೆ ಬೇಡ ಎಂದೆ. ಅದು ಮಾಡಿದ್ದು ಎಲ್ಲರಿಗೂ ಕಾಣುತ್ತಿರಲಿ.

ಐತಪ್ಪಣ್ಣನ ಕಡವಿನ ಪುಟವನ್ನು ಪುನಃ ತೆರೆದಿದ್ದೇನೆ. ನೆರೆಯ ಭಾಗಕ್ಕೆ ಆಧಾರದ ಜಾಗದಲ್ಲಿ ಹೀಗೆ ಬರೆದಿದ್ದೇನೆ: ನನ್ನ ಅಮ್ಮ ಹೇಳಿದ್ದು, ಐತಪ್ಪಣ್ಣನ ಮನೆಗೆ ಪ್ರತಿ ಅಷ್ಟಮಿಗೆ ಮೂಡೆ ಕೊಂಡುಹೋದವನು ನಾನು. ಅಚ್ಚಾದದ್ದು ಇಲ್ಲ. ಬಳಗ ಒಪ್ಪದಿದ್ದರೆ ಏಳು ದಿನ ಕಾದು ತೆಗೆಯಬಹುದು, ಮೂರು ಜನ, ಬೇರೆ ಬೇರೆ ಮೂರು ಜನ. ಉಳಿದ ಭಾಗಗಳಿಗೆ ನನಗೆ ನೆನಪಿರುವ ಎಂಟು ಹತ್ತು ಸಾಲು ಹಾಕಿದ್ದೇನೆ. ಅವಳ ಮಾತುಗಳಲ್ಲ ಅವು, ನನ್ನವು, ಒಣಗಿದಂಥವು. 'ದೋಣಿ ನಡೆಸುತ್ತಿದ್ದವರು' ಎಂದು ಇದ್ದಲ್ಲಿ 'ವನಜಳ ಅಪ್ಪ' ಎಂದು ಬರೆದಿದ್ದೇನೆ.

'ಕರೆಗಳು' ಎಂಬ ತಲೆಬರಹವನ್ನೂ ಹಾಕಿದ್ದೇನೆ. ಅದರ ಕೆಳಗೆ ಏನೂ ಇಲ್ಲ. ಹೊಳೆಯ ಎರಡೂ ದಡದಲ್ಲಿ ಹಳಬರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ. "ದೋಣಿ ಕರೀತಿದ್ದದ್ದು ಹೌದು, ರಾಗ ನೆನಪಿಲ್ಲ" ಎನ್ನುತ್ತಾರೆ. ಖಾಲಿ ತಲೆಬರಹವನ್ನು ಒಂದು ತಿಂಗಳ ನಂತರ ತೆಗೆಯಬೇಕು ಎಂಬುದು ನಮ್ಮ ಕ್ರಮ ಪುಸ್ತಕದಲ್ಲಿ ಇದೆ. ಅದನ್ನು ಬರೆದವನೂ ನಾನೇ. ತಿಂಗಳಾದ ಮೇಲೆ ನಿಮ್ಮಲ್ಲಿ ಯಾರಾದರೂ ಅದನ್ನು ತೆಗೆದರೆ ಯಾಕೆ ಎಂದು ನಾನು ಕೇಳುವುದಿಲ್ಲ. ಮತ್ತೆ ಹಾಕುತ್ತೇನೆ, ಅಷ್ಟೇ.